ಗೆದ್ದ ಸೀಮೆಯನ್ನು ಸೋತವನ ಕೈಗೇ ಕೊಟ್ಟ ಬಗೆ

ಈಗಿನ ದಾವಣಗೆರೆ, ಹರಿಹರಗಳೆರಡೂ ಹಿಂದೆ ನೊಳಂಬವಾಡಿ ಮೂವತ್ತೆರಡು ಸಾವಿರವೆಂಬ ನಾಡಿಗೆ ಸೇರಿದ್ದವು. 12ನೇ ಶತಮಾನದಲ್ಲಿ ಇದನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಉಚ್ಚಂಗಿಯ ಪಾಂಡ್ಯರು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದರೆಂದು ಶಾಸನಗಳು ಹೇಳುವ ಉಚ್ಚಂಗಿದುರ್ಗವನ್ನು 1177ರ ಸುಮಾರಿಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹಿಡಿದ. ಶನಿವಾರಸಿದ್ಧಿ, ಗಿರಿದುರ್ಗಮಲ್ಲ ಎಂದು ಬಿರುದು ಹೊತ್ತ. ಆಮೇಲೆ, ಶರಣು ಬಂದ ಪಾಂಡ್ಯನಿಗೆ ರಾಜ್ಯವನ್ನು ಮರಳಿ ಕೊಟ್ಟ.

ಇಂಥ ನಡೆ ಹೊಸದಾಗಿರಲಿಲ್ಲ. 4ನೇ ಶತಮಾನದಲ್ಲೇ ಸಮುದ್ರಗುಪ್ತ ದಕ್ಷಿಣದ ಅರಸರನ್ನು ಸೆರೆಹಿಡಿದು, ಬಿಡುಗಡೆ ಮಾಡಿ, ಅವರವರ ನಾಡನ್ನು ಅವರಿಗೇ ಬಿಟ್ಟನೆಂದು ಪ್ರಯಾಗದ ಕಂಬದ ಶಾಸನ ಹೇಳುತ್ತದೆ. ಇದರಲ್ಲಿ ಕರುಣೆ ಎಷ್ಟಿತ್ತೋ, ಲೆಕ್ಕಾಚಾರವೂ ಅಷ್ಟೇ ಇತ್ತು. ಹೊಯ್ಸಳರ ರಾಜಧಾನಿಯಾದ ದೂರದ ದೋರಸಮುದ್ರದಿಂದ ಬಂದ ಅಧಿಕಾರಿಗೆ ಯಾವ ಕೆರೆಯ ನೀರು ಯಾವ ಗದ್ದೆಗೆ ಹರಿಯುತ್ತದೆ, ಯಾರ ಹೊಲದ ಬದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದು ಹೇಗೆ? ಸಿದ್ಧಾಯವೆಂಬ ನಿಗದಿಯಾದ ಭೂಕಂದಾಯವನ್ನು ತಕರಾರಿಲ್ಲದೆ ಎತ್ತಬಲ್ಲವರು ಊರ ಮುಖಂಡರಾದ ಗಾವುಂಡರೇ; ಅವರನ್ನು ಬಲ್ಲವನು ಹಳೆಯ ಅರಸನೇ.

ಹೀಗೆ ನಾಡನ್ನು ಮರಳಿ ಪಡೆದ ಸಾಮಂತನಿಗೆ ಉಳಿಯುತ್ತಿದ್ದುದು ಒಳಾಡಳಿತ, ನ್ಯಾಯತೀರ್ಮಾನ, ದಾನ ಕೊಡುವ ಹಕ್ಕು. ಬದಲಿಗೆ ಅವನು ಕಪ್ಪ ಸಲ್ಲಿಸಬೇಕು, ಕರೆದಾಗ ದಂಡು ತರಬೇಕು, ತನ್ನ ಶಾಸನದಲ್ಲಿ ಒಡೆಯನ ಹೆಸರನ್ನು ಮೊದಲು ಬರೆಸಬೇಕು. ಈ ಕೊನೆಯದನ್ನು ಕಲ್ಲಿನ ಮೇಲೆಯೇ ನೋಡಬಹುದು. ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಆ ಕಾಲದ ಶಾಸನಗಳು ಸಾಮಾನ್ಯವಾಗಿ ದೇವರ ಸ್ತುತಿಯಿಂದ ಶುರುವಾಗಿ, ಚಕ್ರವರ್ತಿಯ ಬಿರುದಾವಳಿ ಮುಗಿಸಿ, 'ತತ್ಪಾದಪದ್ಮೋಪಜೀವಿ', ಅಂದರೆ ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು, ಎಂಬ ಪದಕ್ಕೆ ಬರುತ್ತವೆ. ಅದರ ಹಿಂದಿನ ಹೆಸರು ಒಡೆಯನದು, ಮುಂದಿನದು ನಾಡನ್ನು ನಿಜವಾಗಿ ನಡೆಸುತ್ತಿದ್ದವನದು. ಕೆಳಗೆ ದಾನದ ಭೂಮಿ, ನಾಲ್ಕು ದಿಕ್ಕಿನ ಗಡಿ, ತಪ್ಪಿದವನಿಗೆ ಶಾಪ.

ಸಾಮಂತನ ಕೆಳಗೂ ಸ್ವಾಯತ್ತತೆ ಇಳಿಯುತ್ತಿತ್ತು. ಅಗ್ರಹಾರದಲ್ಲಿ ಮಹಾಜನರು, ಹಳ್ಳಿಯಲ್ಲಿ ಗಾವುಂಡರು, ಪೇಟೆಯಲ್ಲಿ ಸೆಟ್ಟಿಗಳ ಸಂಘವಾದ ನಖರದವರು ಸಭೆ ಸೇರುತ್ತಿದ್ದರು. ಕೆರೆಯ ದುರಸ್ತಿ, ಗಡಿಯ ಜಗಳ, ಭೂಮಿಯ ಮಾರಾಟ ಅಲ್ಲೇ ಇತ್ಯರ್ಥ. ದೇವರ ನಂದಾದೀಪಕ್ಕೆಂದು ಯಾರಾದರೂ ಹೊನ್ನು ಕೊಟ್ಟರೆ ಮಹಾಜನರು ಅದನ್ನು ಇಡುಗಂಟಾಗಿ ಹಿಡಿದು, ಬಡ್ಡಿಯಲ್ಲಿ ಎಣ್ಣೆ ಒದಗಿಸುತ್ತಿದ್ದರು. ವ್ಯಾಪಾರಿಗಳು ಹೇರಿಗೆ ಇಷ್ಟೆಂದು ತಮ್ಮ ಮೇಲೆ ತಾವೇ ವಂತಿಗೆ ಹಾಕಿಕೊಳ್ಳುತ್ತಿದ್ದರು. ಇದನ್ನು ಪ್ರಜಾಪ್ರಭುತ್ವವೆಂದು ಹಾಡಿಹೊಗಳುವುದನ್ನು ನಾನು ಒಪ್ಪುವುದಿಲ್ಲ. ಉಳುವ ಆಳಿಗೂ ಹೆಂಗಸರಿಗೂ ಆ ಸಭೆಗಳಲ್ಲಿ ಸಾಮಾನ್ಯವಾಗಿ ಜಾಗವಿರಲಿಲ್ಲ. ಆದರೂ ದೊರೆ ಬದಲಾದಾಗ ಕೆರೆ ಒಡೆಯದಂತೆ ನೋಡಿಕೊಂಡದ್ದು ಈ ಸಭೆಗಳೇ, ಅದನ್ನು ಮರೆಯಲಾಗದು.

ಸಾಮಂತನ ಸ್ವಾತಂತ್ರ್ಯಕ್ಕೆ ಅಷ್ಟು ಆಯುಸ್ಸಿರಲಿಲ್ಲ. 1224ರ ಹೊತ್ತಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಅದಕ್ಕೆ ಕಟ್ಟಡ ಸೇರಿಸಿದ ಸೋಮ ದಂಡನಾಯಕನೂ ಹೊಯ್ಸಳರವನೇ. ಗಡಿ ಬಿಸಿಯಾದಂತೆ ಒಡೆಯರು ತಮ್ಮವರನ್ನೇ ತಂದು ಕೂರಿಸಿದರು. ಅದೇ ಶತಮಾನದಲ್ಲಿ ದೇವಗಿರಿಯ ಸೇವುಣರೂ ಈ ಸೀಮೆಗೆ ಇಳಿದು, ದಾವಣಗೆರೆಯ ಮಗ್ಗುಲಿನ ಬೇತೂರಿನಿಂದ ಆಳಿದರು.

ದಾವಣಗೆರೆ ಆಗಿನ್ನೂ ಬೇತೂರಿನ ಸೆರಗಿನ ಹಳ್ಳಿ. ಅದರ ಅದೃಷ್ಟ ತೆರೆದದ್ದು ಮತ್ತೊಂದು ಗೆಲುವಿನಿಂದ. ಹೈದರ್ ಅಲಿ 1779ರಲ್ಲಿ ಚಿತ್ರದುರ್ಗದ ಪಾಳೆಯಗಾರರನ್ನು ಮುಗಿಸಿದ. ದಾವಣಗೆರೆಯನ್ನು ಅವನಿಂದ ಜಹಗೀರಾಗಿ ಪಡೆದವನು ಅಪ್ಪೋಜಿರಾಮ್ ಎಂಬ ಮರಾಠ ಸರದಾರ. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ. ಅವನಿಗೆ ವಾರಸುದಾರರಿರಲಿಲ್ಲ. ಆದರೂ ಅವನು ತೀರಿಕೊಂಡ ಮೇಲೆ ಟಿಪ್ಪು ವರ್ತಕರಿಗಿದ್ದ ಉತ್ತೇಜನವನ್ನು ನಿಲ್ಲಿಸಲಿಲ್ಲ.