ಮೈಸೂರು ಜಾವಾ: ಹಳೆಯ ಯಂತ್ರವನ್ನು ಕೊಳ್ಳುವ ಮತ್ತು ಕಾಪಾಡುವ ಬಗೆ

ಕಡೂರು, ಬೀರೂರು, ತರೀಕೆರೆಗಳನ್ನು ಹಾಯ್ದು ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ದಿನವೂ ಲೆಕ್ಕವಿಲ್ಲದಷ್ಟು ಮೋಟಾರು ಸೈಕಲ್ಲುಗಳು ಓಡಾಡುತ್ತವೆ. ಅವುಗಳ ನಡುವೆ ಅಪರೂಪಕ್ಕೊಮ್ಮೆ ಹಳೆಯದೊಂದು ಜಾವಾ ಅಥವಾ ಯೆಜ್ಡಿ ಬಂದಿತೆಂದರೆ ಕಣ್ಣಿಗಿಂತ ಮೊದಲು ಕಿವಿ ಅದನ್ನು ಗುರುತಿಸುತ್ತದೆ. ಇದಕ್ಕೆ ಕಾರಣವುಂಟು. ಇಂದಿನ ವಾಹನಗಳಲ್ಲಿರುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸಲ ಮೇಲೇರಿ ಎರಡು ಸಲ ಕೆಳಗಿಳಿಯುವಷ್ಟರಲ್ಲಿ ಇಂಧನವು ಒಮ್ಮೆ ಮಾತ್ರ ಉರಿಯುತ್ತದೆ. ಜಾವಾದ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಾದರೋ ಪ್ರತಿಯೊಂದು ಸುತ್ತಿಗೂ ಒಮ್ಮೆ ಉರಿಯುತ್ತದೆ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಮೊದಲನೆಯದರ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ, ಎರಡನೆಯದರಲ್ಲಿ 50 ಸಲ ಇಂಧನ ಹೊತ್ತಿಕೊಳ್ಳುತ್ತದೆ. ನಮ್ಮ ಕಿವಿ ಹಿಡಿಯುವುದು ಈ ವ್ಯತ್ಯಾಸವನ್ನೇ.

ಇಂತಹ ಬಂಡಿಯೊಂದನ್ನು ಕೊಂಡು ನಡೆಸಬೇಕೆಂಬ ಹಂಬಲ ಈಗಿನ ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಕಾಣಬರುತ್ತಿದೆ. ಹಂಬಲವೇನೋ ಒಳ್ಳೆಯದೇ. ಆದರೆ ಇದನ್ನು ತಯಾರಿಸಿದ ಕಾರ್ಖಾನೆ 1996ರಲ್ಲಿಯೇ ಬಾಗಿಲು ಮುಚ್ಚಿತು. ತಿಳಿಯದೆ ಕೆಡಿಸಿದ ಒಂದು ಸಿಲಿಂಡರಿಗೆ ಬದಲಾಗಿ ಇನ್ನೊಂದನ್ನು ಎರಕ ಹೊಯ್ದು ಕೊಡುವವರು ಇಂದು ಅಲ್ಲಿಲ್ಲ. ಆದುದರಿಂದ ಕೊಳ್ಳುವ ಮೊದಲು ಯಂತ್ರದ ಗುಣವನ್ನು ಅರಿಯುವುದು ಅವಶ್ಯಕ.

ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರಗಳ ಉದ್ಯಮಿಯಾಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಕೊಂಡುಕೊಂಡನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಈ ಹೆಸರಾಯಿತು. ನಮ್ಮ ದೇಶದಲ್ಲಿ ರುಸ್ತುಮ್ ಇರಾನಿ ಮತ್ತು ಫರೋಕ್ ಇರಾನಿಯವರು ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಬಂಡಿಗಳು ತಯಾರಾಗತೊಡಗಿದವು. 1973ರಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. ಇರಾನಿನ ಯಜ್ದ್ ನಗರದ ಹೆಸರೇ ಇದಕ್ಕೆ ಮೂಲ. (ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಬದಲಿಸಿಕೊಂಡದ್ದೂ ಅದೇ ವರ್ಷ.) 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಆ ಹೊಸ ಬಂಡಿಗಳಲ್ಲಿರುವುದು ನಾಲ್ಕು ಸ್ಟ್ರೋಕಿನ ಎಂಜಿನ್ನು. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಹಳೆಯ ಕಾರುಗಳನ್ನು, ಉದಾಹರಣೆಗೆ 1968ರಲ್ಲಿ ಹೊರಬಂದ ‘2002’ ಎಂಬ ಮಾದರಿಯನ್ನು, ಅಕ್ಕರೆಯಿಂದ ಇಟ್ಟುಕೊಂಡವರು ಪ್ರಪಂಚದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಒಂದು ಅನುಕೂಲವುಂಟು. ಹಳೆಯ ಮಾದರಿಗಳಿಗೆ ಬಿಡಿಭಾಗಗಳನ್ನು ಒದಗಿಸುವ ವಿಭಾಗವೊಂದನ್ನು ಆ ಕಂಪನಿಯೇ ನಡೆಸುತ್ತಿದೆ. ಮೈಸೂರಿನ ಬಂಡಿಯನ್ನು ಸಾಕುವವರಿಗೆ ಆ ಭಾಗ್ಯವಿಲ್ಲ. ಹಳೆಯ ಅಂಗಡಿಗಳಲ್ಲಿ ಉಳಿದ ಸಾಮಾನು, ಹೊಸದಾಗಿ ಮಾಡಿದ ನಕಲು ಭಾಗಗಳು, ವಯಸ್ಸಾದ ಮೆಕ್ಯಾನಿಕರ ಕೈಚಳಕ, ಇಷ್ಟೇ ಆಧಾರ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ರೂಢಿ ಇದೆ. ಅಂದು ಸೇರುವ ಅಭಿಮಾನಿಗಳಲ್ಲಿ ಯಾವ ಭಾಗ ಎಲ್ಲಿ ಸಿಗುತ್ತದೆಂಬ ಮಾತೇ ಹೆಚ್ಚು.

ಹಳೆಯ ತಳಿಯನ್ನು ಉಳಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಹೋರಿಯನ್ನು ಕೊಳ್ಳುವ ರೈತನು ಅದರ ಬಣ್ಣಕ್ಕೆ ಮರುಳಾಗದೆ ಹಲ್ಲು, ಗೊರಸು, ನಡಿಗೆಗಳನ್ನು ನೋಡುತ್ತಾನಷ್ಟೆ. ಬಂಡಿಯನ್ನು ಕೊಳ್ಳುವವರೂ ಹಾಗೆಯೇ ನೋಡಬೇಕು. ಹೊಸ ಬಣ್ಣ ಬಳಿದು ಥಳಥಳಿಸುವ ಬಂಡಿಗಿಂತ, ಬಣ್ಣ ಮಾಸಿದ್ದರೂ ಮೂಲ ಭಾಗಗಳೆಲ್ಲ ಇರುವ ಬಂಡಿಯೇ ಲೇಸೆಂದು ನಮ್ಮ ಅಭಿಪ್ರಾಯ. ಹೊಸ ಬಣ್ಣವು ತುಕ್ಕನ್ನೂ ಬೆಸುಗೆಯನ್ನೂ ಮುಚ್ಚುತ್ತದೆ; ಮಾಸಿದ ಬಣ್ಣ ನಿಜವನ್ನೇ ಹೇಳುತ್ತದೆ.

ಯಂತ್ರವು ಯಾವ ನೆಲದಲ್ಲಿ ಬಾಳಿತೆಂಬುದನ್ನೂ ವಿಚಾರಿಸಬೇಕು. ಕಡೂರಿನ ಕಡೆ ಬಯಲುಸೀಮೆ. ಮಳೆ ಕಡಿಮೆ, ರಾಗಿ ಹೊಲ, ತೆಂಗಿನ ತೋಟ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರದ ಕಡೆಯೂ ಬಹುಮಟ್ಟಿಗೆ ಬಯಲೇ. ಇಲ್ಲಿ ಬಾಳಿದ ಬಂಡಿಯ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆದರೆ ಧೂಳು ಒಳಗಿನಿಂದ ಕೆಲಸ ಮಾಡಿರುತ್ತದೆ. ಧೂಳಿನಲ್ಲಿರುವ ಸಿಲಿಕದ ಕಣಗಳು ಎರಕದ ಕಬ್ಬಿಣಕ್ಕಿಂತ ಗಟ್ಟಿ. ಗಾಳಿಯ ಜಾಲರಿಯನ್ನು ಅಲಕ್ಷಿಸಿದ ಎಂಜಿನ್ನಿನಲ್ಲಿ ಅವು ಸಾಣೆಯ ಪುಡಿಯಂತೆ ಸಿಲಿಂಡರನ್ನು ಸವೆಸುತ್ತವೆ. ತರೀಕೆರೆಯಿಂದ ಲಕ್ಕವಳ್ಳಿ ಲಿಂಗದಹಳ್ಳಿಗಳ ಕಡೆ ಹೋದರೆ ಸ್ಥಿತಿ ತಿರುಗುಮುರುಗು. ಅಲ್ಲಿ ಅಡಿಕೆ ತೋಟಗಳ ತೇವ. ಮಡ್‌ಗಾರ್ಡಿನ ಒಳಮೈ, ಟ್ಯಾಂಕಿನ ತಳ, ಸೀಟಿನ ಕೆಳಗಿನ ತಗಡುಗಳನ್ನು ತುಕ್ಕು ತಿಂದಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ಮಾಡುತ್ತಾರೆ. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆಯನ್ನು ಅದ್ದಿದರೆ ಅದರ ಮೇಲೆ ತಾಮ್ರ ಕೂರುವುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ನೋಡಿರುವಿರಿ. ತಾಮ್ರ ಕೂರುವಷ್ಟೂ ಕಬ್ಬಿಣ ಕರಗಿ ಹೋಗುತ್ತದೆ. ಮೈಲುತುತ್ತದ ಮೂಟೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ಬಂಡಿಯನ್ನು ಕೊಳ್ಳುವ ಮುನ್ನ ಅದರ ಕೆಳಭಾಗವನ್ನು ಬೆರಳಿನಿಂದ ಒತ್ತಿ ನೋಡುವುದು ಒಳ್ಳೆಯದು.

ಇನ್ನು ಎಂಜಿನ್ನಿನ ವಿಚಾರ. 250ರ ಮಾದರಿಯ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿದರೆ ಘನಗಾತ್ರ ಸುಮಾರು 249 ಘನ ಸೆಂಟಿಮೀಟರು ಬರುತ್ತದೆ. ಒಂದೇ ಸಿಲಿಂಡರಾದರೂ ಹೊಗೆಯ ಕೊಳವೆಗಳು ಎರಡು. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಹೌದು. ಅದನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಇದು ಚೆಕ್ ಎಂಜಿನಿಯರರ ಜಾಣತನ. ಕವಾಟಗಳು ಇಲ್ಲವೇ ಇಲ್ಲ. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಇಂಧನ ಬೆರೆತ ಗಾಳಿಯನ್ನು ಹೀರುತ್ತದೆ. ಕೆಳಗಿಳಿಯುವಾಗ ಅದನ್ನು ಒತ್ತಿ, ಪಕ್ಕದ ಕಾಲುವೆಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ಎಂದರೆ ಕ್ರ್ಯಾಂಕ್ ಪೆಟ್ಟಿಗೆಯೇ ಒಂದು ಪಂಪು. ಪಂಪು ಸೋರಿದರೆ ಎಂಜಿನ್ನು ಕೆಟ್ಟಂತೆ.

ಈ ಪೆಟ್ಟಿಗೆಯ ಎರಡು ಕಡೆಗಳಲ್ಲಿ ರಬ್ಬರಿನ ಆಯಿಲ್ ಸೀಲುಗಳಿವೆ. ಎಡಗಡೆಯದು ಹರಿದರೆ ಎಂಜಿನ್ನು ಗೇರುಪೆಟ್ಟಿಗೆಯ ಎಣ್ಣೆಯನ್ನು ಒಳಗೆ ಹೀರಿಕೊಂಡು ದಟ್ಟವಾದ ಹೊಗೆ ಬಿಡುತ್ತದೆ. ಇದು ಕಣ್ಣಿಗೆ ಕಾಣುವ ರೋಗ. ಬಲಗಡೆಯದು, ಎಂದರೆ ಡೈನಮೋ ಇರುವ ಕಡೆಯದು, ಹರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಇಂಧನದ ಪ್ರಮಾಣ ತೆಳುವಾಗುತ್ತದೆ. ಎಂಜಿನ್ನು ಮಿತಿಮೀರಿ ಕಾಯುತ್ತದೆ. ಇದು ಕಾಣದ ರೋಗ, ಹೆಚ್ಚು ಅಪಾಯದ್ದು. ಆದುದರಿಂದ ಬಂಡಿಯನ್ನು ಕೊಂಡ ಮೇಲೆ ಮಾಡಿಸಬೇಕಾದ ಮೊದಲ ಕೆಲಸ ಬಣ್ಣವಲ್ಲ, ಎರಡೂ ಸೀಲುಗಳನ್ನು ಬದಲಾಯಿಸುವುದು. ಕೊಳ್ಳುವಾಗಲೇ ಬಲಗಡೆಯ ಮುಚ್ಚಳವನ್ನು ತೆಗೆಸಿ, ಡೈನಮೋದ ತಿರುಗುವ ಭಾಗವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಅಲುಗಾಟ ಕೈಗೆ ತಿಳಿದರೆ ಬೇರಿಂಗು ಸವೆದಿದೆ.

ಮೆಕ್ಯಾನಿಕರು ‘ಸೀಜ್ ಆಯಿತು’ ಎಂದು ಹೇಳುವ ಅನಾಹುತದ ಕಾರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯುಮಿನಿಯಮ್ಮು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಎರಡರ ಉಷ್ಣತೆಯೂ 100 ಡಿಗ್ರಿ ಏರಿದರೆ 65 ಮಿಲಿಮೀಟರಿನ ಪಿಸ್ಟನ್ನು 0.15 ಮಿಲಿಮೀಟರಿನಷ್ಟು, ಸಿಲಿಂಡರು 0.07 ಮಿಲಿಮೀಟರಿನಷ್ಟು ದೊಡ್ಡದಾಗುತ್ತವೆ. ನಡುವಣ ಸಂದು ಸುಮಾರು 0.08 ಮಿಲಿಮೀಟರಿನಷ್ಟು, ಎಂದರೆ ಒಂದು ತಲೆಗೂದಲಿನ ದಪ್ಪದಷ್ಟು, ಕಡಿಮೆಯಾಗುತ್ತದೆ. ನಿಜವಾಗಿ ಗಾಳಿ ತಗಲುವ ಸಿಲಿಂಡರಿಗಿಂತ ಪಿಸ್ಟನ್ನೇ ಹೆಚ್ಚು ಕಾಯುವುದರಿಂದ ಸಂದು ಇನ್ನೂ ಕಿರಿದಾಗುತ್ತದೆ. ಆಗ ನಡುವೆ ಎಣ್ಣೆಯ ಪೊರೆ ಇಲ್ಲದಿದ್ದರೆ ಪಿಸ್ಟನ್ನು ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಚಕ್ರ ಹಠಾತ್ತನೆ ನಿಲ್ಲುತ್ತದೆ, ಸವಾರನು ಬೀಳಲೂಬಹುದು. ಹಾಗೆ ಗೀರುಬಿದ್ದ ಸಿಲಿಂಡರನ್ನು ಕೊರೆಸಿ ಹಿಗ್ಗಿಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕುತ್ತಾರೆ. ಆದರೆ ಎಷ್ಟು ಸಲ ಕೊರೆಸಬಹುದು? ಪ್ರತಿ ಸಲವೂ ಗೋಡೆ ತೆಳುವಾಗುತ್ತದೆ. ‘ಈಗ ಬೋರು ಎಷ್ಟನೆಯದು?’ ಎಂದು ಮಾರುವವರನ್ನು ತಪ್ಪದೆ ಕೇಳಬೇಕು.

ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದನ್ನು ನಯವಾಗಿಡಬೇಕು. ಹಳೆಯ ಕ್ರಮದಂತೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಎಂದರೆ ಲೀಟರಿಗೆ 40 ಮಿಲಿಲೀಟರು. ಇದರಿಂದ ಹುಟ್ಟುವ ತೊಡಕನ್ನು ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಚೆನ್ನಾಗಿ ಅರಿಯಬಹುದು. ಗಿರಿಧಾಮದ ಎತ್ತರ 1,434 ಮೀಟರು. ತರೀಕೆರೆ ಸುಮಾರು 700 ಮೀಟರು. ಹತ್ತುವಾಗ ಎಂಜಿನ್ನು ಕಾಯುತ್ತದೆಂದು ಎಲ್ಲರೂ ಎಚ್ಚರದಿಂದಿರುತ್ತಾರೆ. ಆದರೆ ಇಳಿಯುವಾಗಲೂ ಅಪಾಯವುಂಟು. ಗೇರಿನಲ್ಲಿಯೇ ಇಳಿಯುತ್ತ ಥ್ರಾಟಲನ್ನು ಪೂರ್ತಿ ಮುಚ್ಚಿಬಿಟ್ಟರೆ ಎಂಜಿನ್ನು ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಮಾತ್ರ ಒಳಕ್ಕೆ ಹೋಗುತ್ತಿರುವುದಿಲ್ಲ; ಪೆಟ್ರೋಲು ಇಲ್ಲದಲ್ಲಿ ಎಣ್ಣೆಯೂ ಇಲ್ಲ. ಆದುದರಿಂದ ಬಲ್ಲವರು ಇಳಿಜಾರಿನಲ್ಲಿ ಆಗಾಗ ಥ್ರಾಟಲನ್ನು ಒಂದು ಕ್ಷಣ ತೆರೆದು ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಕುಡಿಸುತ್ತಾರೆ.

ದಿನದ ಆರೈಕೆ ಹೆಚ್ಚೇನಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟುಗಳ ಸಂದನ್ನು 0.3ರಿಂದ 0.4 ಮಿಲಿಮೀಟರಿನೊಳಗೆ ಇಟ್ಟುಕೊಳ್ಳುವುದು, ಗಾಳಿಯ ಜಾಲರಿಯನ್ನು ತೊಳೆಯುವುದು, ಹೊಗೆಯ ದ್ವಾರದಲ್ಲಿ ಕಟ್ಟುವ ಮಸಿಯನ್ನು ಕೆರೆದು ತೆಗೆಯುವುದು. ಸೈಲೆನ್ಸರಿನ ಒಳಗಿನ ಕೊಳವೆಯನ್ನು ಕಿತ್ತು ಹಾಕಿ ಊರೆಲ್ಲ ಕೇಳುವಂತೆ ಓಡಿಸುವ ತರುಣರು ಕೆಲವರಿದ್ದಾರೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ಒತ್ತಡದ ಅಲೆಗಳು ಹೊಸ ಇಂಧನವನ್ನು ಸಿಲಿಂಡರಿನೊಳಗೆ ತಡೆದು ನಿಲ್ಲಿಸಲು ನೆರವಾಗುತ್ತವೆ. ಕೊಳವೆ ತೆಗೆದವರಿಗೆ ಸದ್ದು ಸಿಕ್ಕೀತು, ಶಕ್ತಿ ಸಿಕ್ಕುವುದಿಲ್ಲ.

ಯಂತ್ರದ ದೋಷವನ್ನು ಮುಚ್ಚಿಡುವುದು ಸರಿಯಲ್ಲ. ಹೊಸ ಇಂಧನ ಒಳಗೆ ಬರುವಾಗ ಹೊಗೆಯ ದ್ವಾರವೂ ತೆರೆದೇ ಇರುವುದರಿಂದ ಅದರ ಗಣನೀಯ ಭಾಗ ಉರಿಯದೆ ಹೊರಗೆ ಹೋಗುತ್ತದೆ. ಜೊತೆಗೆ ಎಣ್ಣೆಯ ನೀಲಿ ಹೊಗೆ. ಈ ಜಾತಿಯ ಎಂಜಿನ್ನು ರಸ್ತೆಗಳಿಂದ ಮರೆಯಾದುದಕ್ಕೆ ಇದೇ ಮುಖ್ಯ ಕಾರಣ. ದಿನವೂ ಕಾಲೇಜಿಗೆ ಹೋಗಿಬರಲು ಇದು ತಕ್ಕ ವಾಹನವಲ್ಲವೆಂದೇ ನಾವು ಹೇಳುವೆವು.

ಕಾಗದಪತ್ರಗಳಿಲ್ಲದ ಬಂಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಎಂಜಿನ್ನಿನ ಮತ್ತು ಚಾಸಿಸ್ಸಿನ ಸಂಖ್ಯೆಗಳು ನೋಂದಣಿ ಪುಸ್ತಕದೊಡನೆ ಹೊಂದಬೇಕು. ನೋಂದಣಿಯು ಮೊದಲು 15 ವರ್ಷಗಳಿಗೆ, ಆಮೇಲೆ ಪರೀಕ್ಷೆಗೊಳಪಟ್ಟು ಐದೈದು ವರ್ಷಗಳಿಗೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲಿರುವ ವಾಹನಗಳಿಗೆ 2021ರ ಕೇಂದ್ರ ನಿಯಮಗಳು ‘ವಿಂಟೇಜ್’ ಎಂಬ ಬೇರೆ ನೋಂದಣಿಯನ್ನು ಕಲ್ಪಿಸಿವೆ. ಅದನ್ನು ಪಡೆದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಈಚೆಗೆ ಬಂದಿರುವ ಹೊಸ ಕಂಟಕ ಪೆಟ್ರೋಲಿನದೇ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲು ಬೆರೆತಿದೆ. ಒಂದು ಪಾಲು ಶುದ್ಧ ಪೆಟ್ರೋಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಹಳೆಯ ಕಾರ್ಬ್ಯುರೇಟರಿಗೆ ಈ ಲೆಕ್ಕ ತಿಳಿಯದು. ಅದು ಹಿಂದಿನಷ್ಟೇ ಗಾಳಿಯನ್ನು ಬಿಡುತ್ತದೆ, ಎಂಜಿನ್ನು ಹೆಚ್ಚು ಕಾಯುತ್ತದೆ. ಸ್ವಲ್ಪ ದೊಡ್ಡ ರಂಧ್ರದ ಜೆಟ್ಟನ್ನು ಹಾಕಿಸುವುದು ಇದಕ್ಕೆ ಪರಿಹಾರ. ಹಳೆಯ ರಬ್ಬರು ನಳಿಗೆಗಳನ್ನೂ ಎಥನಾಲನ್ನು ತಾಳುವಂಥವುಗಳಿಗೆ ಬದಲಾಯಿಸಬೇಕು. ಇದಕ್ಕಿಂತ ಘೋರವಾದುದು ನೀರಿನ ಸೆಳೆತ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ನಲ್ಲಿಯಾದರೋ ತಳದಿಂದ ಎಳೆಯುತ್ತದೆ. ಮಳೆಗಾಲವಿಡೀ ನಿಂತ ಬಂಡಿಯನ್ನು ಒಮ್ಮೆಲೇ ಕಿಕ್ ಹೊಡೆದು ಹೊರಟವನ ಎಂಜಿನ್ನಿಗೆ ಆಗ ಎಣ್ಣೆಯಿಲ್ಲದ ನೀರುಮಿಶ್ರಿತ ದ್ರವ ಸಿಕ್ಕಂತಾಗುತ್ತದೆ.

ಆದುದರಿಂದ ತರೀಕೆರೆಯ ಸುತ್ತಿನವರು ಜೂನ್ ತಿಂಗಳ ಮಳೆ ಹಿಡಿಯುವ ಮೊದಲೇ ಟ್ಯಾಂಕನ್ನು ಖಾಲಿಮಾಡಿ ಒಣಗಿಸಿ, ಒಳಮೈಗೆ ಎಣ್ಣೆ ಸವರಿ, ಕಾರ್ಬ್ಯುರೇಟರಿನಲ್ಲಿ ಉಳಿದುದನ್ನೂ ಬಸಿಯಬೇಕು. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಿಂದ ಎರಡು ಚಮಚ ಎಣ್ಣೆ ಬಿಟ್ಟು, ಕಿಕ್ ಸನ್ನೆಯನ್ನು ಕೈಯಿಂದ ಮೆಲ್ಲಗೆ ನಾಲ್ಕಾರು ಸಲ ತಿರುಗಿಸಿ, ಪ್ಲಗ್ಗನ್ನು ಮತ್ತೆ ಹಾಕಬೇಕು. ಹದಿನೈದು ದಿನಗಳಿಗೊಮ್ಮೆ ಹೀಗೆ ತಿರುಗಿಸುತ್ತಿದ್ದರೆ ಪಿಸ್ಟನ್ನಿನ ರಿಂಗುಗಳು ಒಂದೇ ಕಡೆ ನಿಂತು ಸಿಲಿಂಡರಿಗೆ ಅಂಟಿಕೊಳ್ಳುವುದಿಲ್ಲ. ಮಳೆ ನಿಂತ ಮೇಲೆ ಹೊಸ ಪೆಟ್ರೋಲು, ಅಳೆದು ಬೆರೆಸಿದ ಎಣ್ಣೆ. ಮೊದಲ ಕೆಲವು ನಿಮಿಷ ಒಳಗುಳಿದ ಎಣ್ಣೆ ಉರಿದು ಹೊಗೆ ಹೆಚ್ಚು ಬಂದರೆ ಗಾಬರಿಪಡಬೇಕಾಗಿಲ್ಲ.