ಪದೇ ಪದೇ ಕೈಕೊಡುವ ಕಂಪ್ಯೂಟರ್

ಮನೆಯ ಕಂಪ್ಯೂಟರ್ ಮೂರು ಬಗೆಯಲ್ಲಿ ಕೈಕೊಡುತ್ತದೆ. ಕೆಲಸದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗುವುದು ಅಥವಾ ತಾನಾಗಿ ರೀಸ್ಟಾರ್ಟ್ ಆಗುವುದು ಮೊದಲನೆಯದು. ನೀಲಿ ಪರದೆ ಮೂಡಿ, ಒಂದು ದೋಷಸಂಕೇತ ತೋರಿಸಿ ನಿಲ್ಲುವುದು ಎರಡನೆಯದು. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಈ ಪರದೆಯ ಬಣ್ಣ ಕಪ್ಪು. ಮೂರನೆಯದು ಹ್ಯಾಂಗ್ ಆಗುವುದು: ಪರದೆಯ ಚಿತ್ರ ಇದ್ದಂತೆಯೇ ಇರುತ್ತದೆ, ಮೌಸ್ ಅಲುಗುವುದಿಲ್ಲ. ವರ್ಷಕ್ಕೊಮ್ಮೆ ಹೀಗಾದರೆ ಚಿಂತಿಸಬೇಕಿಲ್ಲ. ವಾರಕ್ಕೆ ಎರಡು ಸಲ ಆಗತೊಡಗಿದರೆ ಎಲ್ಲೋ ಒಂದು ದೋಷ ನೆಲೆನಿಂತಿದೆ ಎಂದರ್ಥ. ಅದು ಸಾಮಾನ್ಯವಾಗಿ ವಿದ್ಯುತ್ತು, ಬಿಸಿ, ರ‍್ಯಾಮ್, ಡಿಸ್ಕ್, ತಂತ್ರಾಂಶ ಈ ಐದರಲ್ಲಿ ಒಂದರಲ್ಲಿರುತ್ತದೆ.

ಹುಡುಕಾಟಕ್ಕೆ ಮೊದಲು ಕಡತಗಳ ಪ್ರತಿ ಮಾಡಿಟ್ಟುಕೊಳ್ಳಬೇಕು. ದೋಷ ಡಿಸ್ಕಿನಲ್ಲೇ ಇದ್ದರೆ ಮುಂದಿನ ಸಲ ಆನ್ ಮಾಡಿದಾಗ ಅದು ತೆರೆಯದೆಯೂ ಹೋಗಬಹುದು. ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವಿಗೋ ಹಾಕಿಡಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಜೊತೆಗಿಡಬೇಕು. ಅವಿಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ರೋಮನ್ ಅಕ್ಷರಗಳು ಕಾಣುತ್ತವೆ.

ಮುಂದಿನ ಕೆಲಸ, ಯಾವಾಗ ಕೈಕೊಟ್ಟಿತು ಎಂದು ಬರೆದಿಡುವುದು. ದಿನ, ಗಂಟೆ, ಆಗ ತೆರೆದಿದ್ದ ಪ್ರೋಗ್ರಾಂ, ಮಳೆ ಬರುತ್ತಿತ್ತೇ, ಕರೆಂಟು ಹೋಗಿಬಂದಿತ್ತೇ ಎಂಬಷ್ಟು ಸಾಕು. ವಿಂಡೋಸ್ ಕೂಡ ತನ್ನದೇ ದಾಖಲೆ ಇಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿದರೆ ದಿನವಾರು ಪಟ್ಟಿ ತೆರೆದು, ಕೆಟ್ಟ ದಿನಗಳ ಮೇಲೆ ಕೆಂಪು ಗುರುತು ಕಾಣುತ್ತದೆ. 'ಈವೆಂಟ್ ವ್ಯೂವರ್'ನಲ್ಲಿ ಸಿಗುವ 'ಕರ್ನಲ್ ಪವರ್ 41' ಎಂಬ ನಮೂದಿಗೆ, ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅರ್ಥ. ಏಕೆ ನಿಂತಿತೆಂದು ಅದು ಹೇಳುವುದಿಲ್ಲ. ನೀಲಿ ಪರದೆ ಓದುವಷ್ಟರಲ್ಲಿ ಮಾಯವಾಗುತ್ತಿದ್ದರೆ, ಸಿಸ್ಟಂ ಸೆಟ್ಟಿಂಗ್‌ಗಳ 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಗುರುತನ್ನು ತೆಗೆಯಬೇಕು. ಆಗ ಸಂಕೇತವನ್ನು ನಿಧಾನವಾಗಿ ಬರೆದುಕೊಳ್ಳಬಹುದು.

ಶಿವಮೊಗ್ಗದ ರವೀಂದ್ರನಗರದಂಥ ವಸತಿ ಬಡಾವಣೆಗಳಲ್ಲಿ, ಭದ್ರಾವತಿಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ವಿದ್ಯುತ್ತನ್ನು. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಮುಂಗಾರಿನ ಗಾಳಿಗೆ ಕೊಂಬೆ ತಂತಿಗೆ ತಗುಲುವುದು, ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುವುದು ಹೊಸತಲ್ಲ. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಕ್ಯಾಬಿನೆಟ್ಟಿನೊಳಗಿನ ಎಸ್‌ಎಂಪಿಎಸ್ ಇದನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಹಂಚುತ್ತದೆ. ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಹೊತ್ತು ಕರೆಂಟು ಇಲ್ಲದಿದ್ದರೂ ಅದು ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಇನ್ವರ್ಟರ್ ಇರುವ ಮನೆಯಲ್ಲೂ ಇದು ಆಗಬಹುದು. ಹಲವು ಇನ್ವರ್ಟರ್‌ಗಳಲ್ಲಿ 'ಯುಪಿಎಸ್' ಮತ್ತು 'ನಾರ್ಮಲ್' ಅಥವಾ 'ಇಕೋ' ಎಂಬ ಸ್ವಿಚ್ ಇರುತ್ತದೆ. ಅದು ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೂ ದೀಪಕ್ಕೂ ಆ ಅಂತರ ಲೆಕ್ಕಕ್ಕಿಲ್ಲ, ಕಂಪ್ಯೂಟರಿಗೆ ಅದೇ ಹೆಚ್ಚು. ಪ್ರತ್ಯೇಕ ಯುಪಿಎಸ್ ಇದ್ದರೆ ಅದರ ಬ್ಯಾಟರಿಯ ವಯಸ್ಸು ನೋಡಬೇಕು. ಎರಡು ಮೂರು ವರ್ಷಕ್ಕೆ ಅದರ ಶಕ್ತಿ ಕುಗ್ಗುತ್ತದೆ. ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಬೇಕು. ಇಡೀ ಮನೆಯಲ್ಲೇ ವೋಲ್ಟೇಜ್ ಏರಿಳಿಯುತ್ತಿದ್ದರೆ ಮೆಸ್ಕಾಂನ 1912 ಸಂಖ್ಯೆಗೆ ತಿಳಿಸಬಹುದು. ಇವೆಲ್ಲ ಸರಿಯಿದ್ದೂ ಯಂತ್ರ ಆಫ್ ಆಗುತ್ತಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಬೇಕು.

ಆನ್ ಮಾಡಿ ಅರ್ಧ ಗಂಟೆಗೋ, ಗೇಮ್ ಅಥವಾ ವಿಡಿಯೊ ಎಡಿಟಿಂಗ್ ನಡೆದಿರುವಾಗಲೋ ನಿಂತರೆ ಬಿಸಿಯ ಮೇಲೆ ಗುಮಾನಿ ಪಡಬೇಕು. ಪ್ರೊಸೆಸರ್‌ನ ತಾಪ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅದು ತನ್ನ ವೇಗ ತಗ್ಗಿಸುತ್ತದೆ. ಅದೂ ಸಾಲದಿದ್ದರೆ ಯಂತ್ರವನ್ನೇ ನಿಲ್ಲಿಸುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತ ದೂಳು, ಒಣಗಿದ ಥರ್ಮಲ್ ಪೇಸ್ಟ್, ತಿರುಗದ ಫ್ಯಾನ್ ಇದಕ್ಕೆ ಕಾರಣ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು, ಬ್ಲೋವರ್‌ನಿಂದ ದೂಳು ಹೊಡೆಯಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಮುಚ್ಚಳ ತೆಗೆದಾಗಲೇ ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿದೆಯೇ ಎಂದೂ ನೋಡಬೇಕು. ಉಬ್ಬಿದ್ದರೆ ಅದೇ ದೋಷವಿರಬಹುದು.

ಮಳೆಗಾಲದ ಥಂಡಿ ಇನ್ನೊಂದು ತೊಂದರೆ. ತಿಂಗಳುಗಟ್ಟಲೆ ತೇವ ಕುಡಿದ ದೂಳು ಸಂಪರ್ಕಗಳ ಮೇಲೆ ಕೂತು ಅವನ್ನು ಸಡಿಲಿಸುತ್ತದೆ. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವುದು ರಿಪೇರಿ ಅಂಗಡಿಗಳ ಹಳೆಯ ಉಪಾಯ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಗೋಡೆಗೆ ಒತ್ತಿಕೊಂಡಿರುವ ಕ್ಯಾಬಿನೆಟ್ಟನ್ನು ಒಂದು ಗೇಣು ಈಚೆ ಇಟ್ಟು, ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಆನ್ ಮಾಡಿದರೆ ಒಳಗಿನ ತೇವ ಆರುತ್ತದೆ.

ಪ್ರತಿ ಸಲವೂ ಬೇರೆ ಬೇರೆ ಸಂಕೇತ ಕಾಣಿಸಿದರೆ ರ‍್ಯಾಮ್ ಕೆಟ್ಟಿರುವ ಸಂಭವ ಹೆಚ್ಚು. 'ವಿಂಡೋಸ್ ಮೆಮೊರಿ ಡಯಾಗ್ನಸ್ಟಿಕ್' ಅದನ್ನು ಪರೀಕ್ಷಿಸುತ್ತದೆ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಗೆ 'ಮೆಮ್‌ಟೆಸ್ಟ್86' ಅನ್ನು ರಾತ್ರಿಯಿಡೀ ಓಡಲು ಬಿಡಬಹುದು. ಒಂದು ತಪ್ಪು ಕಂಡರೂ ಆ ಪಟ್ಟಿಯನ್ನು ನಂಬುವಂತಿಲ್ಲ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ ಕೆಟ್ಟದ್ದನ್ನು ಗುರುತಿಸಬಹುದು. ಹ್ಯಾಂಗ್ ಆಗುವ ಮುನ್ನ ಕಡತ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ದೋಷ ಡಿಸ್ಕಿನದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು 'ಸ್ಮಾರ್ಟ್' ಎಂಬ ದಾಖಲೆಯಲ್ಲಿ ತಾನೇ ಇಡುತ್ತದೆ. 'ಕ್ರಿಸ್ಟಲ್ ಡಿಸ್ಕ್ ಇನ್ಫೊ' ಎಂಬ ಉಚಿತ ತಂತ್ರಾಂಶ ಅದನ್ನು ಓದಿ ಹೇಳುತ್ತದೆ.

ಹೊಸ ಪ್ರಿಂಟರ್, ಹೊಸ ಆಂಟಿವೈರಸ್ ಅಥವಾ ಒಂದು ಅಪ್‌ಡೇಟ್ ಬಂದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ತಂತ್ರಾಂಶವನ್ನು ಶಂಕಿಸಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಪೂರ್ಣ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರಿನ ವಿಮಾನ ಪ್ರಯಾಣಿಕರಿಗೂ ಅದರ ಬಿಸಿ ತಟ್ಟಿತು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು ಆ ಕಡತ ಅಳಿಸುವುದೇ ಅಂದು ಹೇಳಿಕೊಟ್ಟ ಪರಿಹಾರವಾಗಿತ್ತು. ಮನೆಯಲ್ಲೂ ದಾರಿ ಅದೇ. ಸೇಫ್ ಮೋಡ್‌ನಲ್ಲಿ ಅಗತ್ಯದ ಡ್ರೈವರ್‌ಗಳಷ್ಟೇ ಓಡುತ್ತವೆ. ಅಲ್ಲಿ ಗಂಟೆಗಟ್ಟಲೆ ಸುಗಮವಾಗಿ ನಡೆದರೆ, ಈಚೆಗೆ ಸೇರಿಸಿದ ಡ್ರೈವರ್ ಅಥವಾ ಪ್ರೋಗ್ರಾಂ ಅನ್ನು ತೆಗೆದು ನೋಡಬೇಕು.

ಯಂತ್ರಾಂಗದ್ದೋ ತಂತ್ರಾಂಶದ್ದೋ ಎಂದು ಇನ್ನೂ ತಿಳಿಯದಿದ್ದರೆ, ವಿಂಡೋಸ್ ಬದಲು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ತೆರೆದು ಒಂದು ದಿನ ಬಳಸಬಹುದು. ಅಲ್ಲೂ ಕೈಕೊಟ್ಟರೆ ದೋಷ ಯಂತ್ರಾಂಗದ್ದು. ಆಗ ವಿಂಡೋಸನ್ನು ಫಾರ್ಮ್ಯಾಟ್ ಮಾಡಿಸಿದರೆ ಹಣವೂ ಸಮಯವೂ ವ್ಯರ್ಥ. ಅಂಗಡಿಗೆ ಒಯ್ಯುವಾಗ ಬರೆದಿಟ್ಟ ದಿನ, ಹೊತ್ತು, ಸಂಕೇತಗಳ ಚೀಟಿಯನ್ನೂ ಕೊಡಬೇಕು. ಅಂಗಡಿಯ ಮೇಜಿನ ಮೇಲೆ ಯಂತ್ರ ಸರಿಯಾಗಿಯೇ ನಡೆದರೂ ಆ ಚೀಟಿ ದೋಷದ ಕುರುಹು ಹೇಳುತ್ತದೆ.

ಯಾವ ಹಂತದಲ್ಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಬದಲಿಸಿದ ಮೇಲೆ ಕಾಯಬೇಕಾದ ಅವಧಿಯನ್ನೂ ಹಳೆಯ ದಾಖಲೆಯೇ ಹೇಳುತ್ತದೆ: ಮೂರು ದಿನಕ್ಕೊಮ್ಮೆ ಕೈಕೊಡುತ್ತಿದ್ದ ಯಂತ್ರ ಎರಡು ವಾರ ಒಂದೂ ಕೆಂಪು ಗುರುತಿಲ್ಲದೆ ನಡೆದರೆ ದೋಷ ಕಳೆಯಿತೆಂದು ತಿಳಿಯಬಹುದು.