ಕನ್ನಡ ಬ್ಲಾಗಿನ ಥೀಮ್: ಮೊದಲು ತಿದ್ದಬೇಕಾದ ದೋಷಗಳು

ಡಬ್ಲ್ಯು3ಸಿ ಒಕ್ಕೂಟದ ಉಚಿತ ವ್ಯಾಲಿಡೇಟರ್‌ಗೆ ತಮ್ಮ ಬ್ಲಾಗಿನ ವಿಳಾಸ ಕೊಟ್ಟವರು ಉತ್ತರವಾಗಿ ಬರುವ ದೋಷಪಟ್ಟಿಯ ಉದ್ದ ಕಂಡು ಗಾಬರಿಗೊಳ್ಳುವುದು ಸಹಜ. ಹೆದರಬೇಕಿಲ್ಲ. ಮುಚ್ಚದೆ ಬಿಟ್ಟ ಒಂದೇ ಒಂದು ಟ್ಯಾಗ್ ಕೆಳಗಿನ ಹತ್ತಾರು ಸಾಲುಗಳನ್ನೂ ದೋಷಯುಕ್ತವೆಂದು ತೋರಿಸಬಲ್ಲದು. ಪಟ್ಟಿಯ ಮೊದಲ ದೋಷವನ್ನು ಸರಿಪಡಿಸಿ, ಪುಟವನ್ನು ಮತ್ತೊಮ್ಮೆ ಪರೀಕ್ಷೆಗೊಡ್ಡುವುದೇ ಜಾಣತನ.

ಆದರೆ ಥೀಮ್‌ಗಳಲ್ಲಿ ಬಹುಪಾಲು ಇಂಗ್ಲಿಷ್ ಪುಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಹೀಗಾಗಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ.

ಪುಟದ ಅಕ್ಷರ ಸಂಕೇತ ಯಾವುದೆಂದು ಸಾರುವ 'ಮೆಟಾ ಚಾರ್‌ಸೆಟ್' ಸಾಲು ಕಡತದ ಮೊದಲ 1024 ಬೈಟುಗಳೊಳಗೆ ಇರಬೇಕೆಂಬುದು ಎಚ್‌ಟಿಎಂಎಲ್ ನಿಯಮ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ತುಮಕೂರಿನ 'ಅಂತರಸನಹಳ್ಳಿ'ಯ ಹೆಸರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಏಳು ಅಕ್ಷರ. ಅನುಸ್ವಾರ, ಒತ್ತು, ಗುಣಿತ ಚಿಹ್ನೆಗಳೆಲ್ಲ ಸೇರಿ ಕಂಪ್ಯೂಟರಿಗೆ ಅದು 11 ಸಂಕೇತ, ಅಂದರೆ 33 ಬೈಟ್. ರೋಮನ್ ಲಿಪಿಯಲ್ಲಿ ಬರೆದರೆ ಇದರ ಅರ್ಧವೂ ಬೇಡ. ಥೀಮ್ ಶೀರ್ಷಿಕೆಯನ್ನೂ ಬ್ಲಾಗಿನ ಪರಿಚಯವನ್ನೂ ಚಾರ್‌ಸೆಟ್‌ಗಿಂತ ಮೇಲೆ ಇಟ್ಟಿದ್ದರೆ, ಇಂಗ್ಲಿಷಿನಲ್ಲಿ ತೊಂದರೆ ಕೊಡದ ಅದೇ ಥೀಮ್ ಕನ್ನಡದಲ್ಲಿ ಸುಮಾರು 340 ಸಂಕೇತಗಳಿಗೇ ಮಿತಿ ದಾಟುತ್ತದೆ. ಸರ್ವರ್ ತಾನೇ ಯುಟಿಎಫ್-8 ಎಂದು ಹೇಳಿ ಕಳಿಸುತ್ತಿದ್ದರೆ ದೋಷ ಮರೆಯಲ್ಲಿರುತ್ತದೆ. ಸರ್ವರ್ ಬದಲಿಸಿದ ದಿನ ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಾಣಿಸಿಕೊಂಡಾವು! ಪರಿಹಾರ ಸುಲಭ: 'ಹೆಡ್' ಟ್ಯಾಗ್ ತೆರೆದ ಕೂಡಲೇ ಆ ಸಾಲನ್ನು ತಂದಿಡಿ.

ಎರಡನೆಯದು ಭಾಷೆಯ ಘೋಷಣೆ. ಥೀಮ್‌ನಲ್ಲಿ 'ಲ್ಯಾಂಗ್' ಎಂಬಲ್ಲಿ 'ಇಎನ್' ಎಂದೇ ಉಳಿದಿದ್ದರೂ ವ್ಯಾಕರಣದ ಲೆಕ್ಕದಲ್ಲಿ ಅದು ತಪ್ಪಲ್ಲ, ವ್ಯಾಲಿಡೇಟರ್ ಅದನ್ನು ದೋಷವೆಂದು ಎಣಿಸುವುದೂ ಇಲ್ಲ. ಕಾಣುವವರಿಗೆ ವ್ಯತ್ಯಾಸವೇ ತಿಳಿಯದು. ಆದರೆ ಅಂಧ ಓದುಗರ ತೆರೆವಾಚಕ ತಂತ್ರಾಂಶ ಯಾವ ಭಾಷೆಯ ಧ್ವನಿ ಬಳಸಬೇಕೆಂದು ನಿರ್ಧರಿಸಲು ಈ ಘೋಷಣೆಯನ್ನೇ ನೋಡುತ್ತದೆ. ಇಂಗ್ಲಿಷ್ ಧ್ವನಿಗೆ ಕನ್ನಡ ಲೇಖನ ಸಿಕ್ಕಿತೆಂದರೆ ಓದುಗರ ಪಾಲಿಗೆ ಅದು ಬರೆಯದಿದ್ದಂತೆಯೇ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ಇದು. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ತಾಣದ ಭಾಷೆಯನ್ನು ಕನ್ನಡವೆಂದು ಆರಿಸಿದರೆ, ಸರಿಯಾಗಿ ರಚಿಸಿದ ಥೀಮ್ ತಾನಾಗಿಯೇ 'ಕೆಎನ್' ಎಂದು ಬರೆಯುತ್ತದೆ. ಬರೆಯದಿದ್ದರೆ ಹೆಡರ್ ಕಡತದಲ್ಲಿ ಕೈಯಿಂದಲೇ ಬದಲಿಸಬೇಕು.

ಯೂನಿಕೋಡ್ ರೂಢಿಗೆ ಬರುವ ಮುನ್ನ ಅನೇಕ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಫಾಂಟ್ ಹೊದಿಸಿ ಪುಟ ರಚಿಸುತ್ತಿದ್ದವು. ಅಂಥ ಹಳೆಯ ಬರಹ ಬ್ಲಾಗಿನಲ್ಲಿ ಉಳಿದಿದ್ದರೆ ಮಾರ್ಕಪ್ ತಿದ್ದುವುದರಿಂದ ಪ್ರಯೋಜನವಿಲ್ಲ, ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಉಳಿದವು ಸಣ್ಣ ಕೆಲಸಗಳು. ಚಿತ್ರಗಳಿಗೆ 'ಆಲ್ಟ್' ವಿವರಣೆ ಸೇರಿಸಿ, ಅದೂ ಕನ್ನಡದಲ್ಲಿರಲಿ. ಒಂದೇ ಪುಟದಲ್ಲಿ ಎರಡು ಬಾರಿ ಬಂದ 'ಐಡಿ' ಹೆಸರನ್ನು ಬದಲಿಸಿ. 'ಸೆಂಟರ್', 'ಫಾಂಟ್' ಟ್ಯಾಗ್‌ಗಳ ಕೆಲಸವನ್ನು ಸಿಎಸ್ಎಸ್‌ಗೆ ವಹಿಸಿ. ಇದೆಲ್ಲವನ್ನೂ ಮೂಲ ಥೀಮ್‌ನಲ್ಲಿ ಮಾಡಿದರೆ ಮುಂದಿನ ಅಪ್‌ಡೇಟ್ ಅಳಿಸಿಹಾಕುತ್ತದೆ. ಚೈಲ್ಡ್ ಥೀಮ್ ರಚಿಸಿಕೊಂಡು ಅದರಲ್ಲೇ ತಿದ್ದಿ.